ತಿರುಗುವಾಗ ಉರಿಯುವ ದೀಪ

ಬಿಸಿ, ಆದರೆ ಸುಡುವ ಬಿಸಿಯಲ್ಲ, ಈಗಷ್ಟೇ ನಿದ್ದೆಯಿಂದೆದ್ದ ಮಗುವಿನ ಬೆನ್ನಿನ ಬಿಸಿ — ಹಿಟ್ಟಿನ ಗಿರಣಿಯ ದೊಡ್ಡ ಮೋಟಾರಿನ ಮೇಲೆ ಅಂಗೈಯಿಟ್ಟ ಗಿರಣಿಯಮ್ಮನಿಗೆ ಹಾಗನ್ನಿಸಿತು, ಹೊಸ ವಾರ್ನಿಷಿನ ವಾಸನೆ ಇನ್ನೂ ಇದೆ, ಒಳ್ಳೆಯ ವಾಸನೆ, ಸೊಸೆಯ ಮೊದಲ ಕೈಗೆಲಸದ್ದು, ಸುಟ್ಟ ಮೋಟಾರಿಗೆ ಎಷ್ಟು ಒಪ್ಪವಾಗಿ ಹೊಸ ತಂತಿ ಸುತ್ತಿದ್ದಳು ಹುಡುಗಿ, ಜಡೆ ಹೆಣೆದ ಹಾಗೆ, ಈಗ ನೋಡಿದರೆ ಗೋಡೆಗೊರಗಿ ಉಗುರು ಕಚ್ಚುತ್ತಾಳೆ, ಮೋಟಾರು ಶುರುವಾದರೆ ಸಾಕು, ಮೂರರಲ್ಲಿ ಒಂದು ಲೈನ್ ತಪ್ಪಿದರೆ ಮೋಟಾರು ಸುಡದಂತೆ ಕಾಯುವ ಪ್ರಿವೆಂಟರ್ ಪೆಟ್ಟಿಗೆ ಟಪ್ಪೆಂದು ಕರೆಂಟು ಕಡಿಯುತ್ತದೆ, ಬೆಳಗಿನಿಂದ ಇದೇ ಹಾಡು, ಮೈದುನನಿಗೆ ತಾಳ್ಮೆಯೆಲ್ಲಿ, ಹೊಸ ಕೈ ಅಲ್ವಾ ಅತ್ತಿಗೆ, ಸುತ್ತು ಎಲ್ಲೋ ತಪ್ಪಿರುತ್ತೆ, ಇಲ್ಲಾ ಈ ಡಬ್ಬಕ್ಕೆ ತಲೆ ಕೆಟ್ಟಿರುತ್ತೆ, ಮೂರೂ ಲೈನ್ ಬರ್ತಿದೆ ನೋಡಿ, ಕೆಂಪು ಹಳದಿ ನೀಲಿ, ಮೂರು ದೀಪಾನೂ ಉರೀತಿದೆ — ಎನ್ನುತ್ತ ತಂತಿಯ ತುಂಡನ್ನು ಹಲ್ಲಿನಿಂದ ಸುಲಿಯುತ್ತಿದ್ದಾನೆ, ಪೆಟ್ಟಿಗೆ ಬಿಟ್ಟು ಮೋಟಾರಿಗೆ ನೇರ ಕರೆಂಟು ಕೊಡಲು, ಕಳೆದ ಸಲವೂ ಹೀಗೇ ಕೊಟ್ಟ, ಒಂದು ಲೈನ್ ಇಲ್ಲದೆ ಎರಡರಲ್ಲೇ ಏದುಸಿರು ಬಿಟ್ಟು ಓಡಿ ಮೋಟಾರು ಕರಕಲಾಯಿತು, ಈ ಸಲ ಸುಟ್ಟರೆ ಎಲ್ಲರ ಬೆರಳೂ ಸೊಸೆಯ ಕಡೆಗೇ, ಆಮೇಲೆ ಅವಳು ತಂತಿ ಮುಟ್ಟಿದ ಹಾಗೇ — ತಾಳು, ಈ ಫ್ಯಾನಿನ ಗಂಟಲು ಯಾಕೆ ಕಟ್ಟಿದೆ, ಹಿಟ್ಟಿನ ಧೂಳೆಳೆಯುವ ಫ್ಯಾನು, ಅದೇ ಮೂರು ಲೈನಿನದು, ಪೆಟ್ಟಿಗೆಯಿಲ್ಲದ ಬಡಪಾಯಿ, ಬೆಳಗಿನಿಂದ ಬಿಡದೆ ಓಡುತ್ತಿದೆ, ನೆಗಡಿಯಾದವರ ಹಾಗೆ ಗುಂಯ್‌ಗುಡುತ್ತಿದೆ, ಹಳದಿ ದೀಪ ಒಂದಿಷ್ಟು ಮಂಕೋ, ತನ್ನ ಕಣ್ಣೇ ಮಂಕೋ, ಕತ್ತಲ ದಾರಿ, ಯಜಮಾನರ ಸೈಕಲ್ಲು, ಹಿಂದೆ ತಾನು, ಮದುವೆಯಾದ ಹೊಸತು, ತುಳಿದರೆ ಡೈನಮೋ ತಿರುಗಿ ದೀಪ ಉರಿಯುವುದು, ನಿಂತರೆ ಆರುವುದು, ಬೇಕೆಂದೇ ನಿಲ್ಲಿಸಿ ನಗುತ್ತಿದ್ದರು, ಎಂಥ ತುಂಟತನ, ಚಕ್ರ ತಿರುಗಿಯೇ ಬೆಳಕು, ತಿರುಗುವುದೇ ದೀಪ ಹೊತ್ತಿಸಿದರೆ — ಆ ಫ್ಯಾನನ್ನೂ ನಿಲ್ಲಿಸಪ್ಪ. ಅದೇನ್ ಮಾಡಿತು ಅತ್ತಿಗೆ, ಚೆನ್ನಾಗೇ ಓಡ್ತಿದೆಯಲ್ಲ. ನಿಲ್ಲಿಸು ಅಂದ್ನಲ್ಲ, ನಿಲ್ಲಿಸಿ ದೀಪ ನೋಡು. ಗೊಣಗಿಕೊಂಡೇ ಹೋದ, ಬಾಯಲ್ಲಿ ತಂತಿ ಕಚ್ಚಿಕೊಂಡೇ, ಸ್ವಿಚ್ಚು ಇಳಿಸಿದ, ಹಳದಿ ಆರಿತು, ಅಷ್ಟೇ, ಆರಿತು, ಸತ್ತ ಲೈನಿಗೆ ಫ್ಯಾನೇ ಜೀವ ತುಂಬಿ ಇಷ್ಟು ಹೊತ್ತೂ ಎಲ್ಲರನ್ನೂ ಏಮಾರಿಸಿತ್ತು, ಪೆಟ್ಟಿಗೆಯೊಂದೇ ಏಮಾರಲಿಲ್ಲ, ಮೈದುನನ ಬಾಯಿಂದ ತಂತಿ ಜಾರಿತು, ಕಂಬದ ಫ್ಯೂಸ್ ಹೋಗಿರ್ಬೇಕು, ಲೈನ್‌ಮನ್‌ಗೆ ಹೇಳ್ಬೇಕು ಎಂದು ಅವನು ಯಾರಿಗೋ ಎಂಬಂತೆ ಹೇಳುತ್ತಿದ್ದಾನೆ, ಸುತ್ತು ಸರಿಯಿದೆ ಅಲ್ವಾ ಅತ್ತೆ ಎಂದು ಸೊಸೆ, ಸರಿಯಿದೆ ಕಣೇ, ಬಂಗಾರದ ಹಾಗಿದೆ, ಅಂಗೈಗೆ ಇನ್ನೂ ಹಿತವಾದ ಬಿಸಿ, ಫ್ಯಾನು ಸುಯ್ಯೆನ್ನುತ್ತ ನಿಲ್ಲುತ್ತಿದೆ, ಕೆಂಪು, ನೀಲಿ, ನಡುವೆ ಆರಿದ ಹಳದಿ ಗಾಜು, ಕೆಂಪು, ನೀಲಿ, ನಡುವೆ ಆ ಗಾಜು —