ಮೂರನೆಯ ಬಾಗಿಲು

ಭಾನುಪ್ರಿಯಾ ತನ್ನ ಮೂರು ಗಾಲಿಯ ಸೈಕಲ್ಲನ್ನು ಇಳಿಜಾರಿನ ಮೇಲೆ ಹತ್ತಿಸಿ, ಎಡಗೈಯಲ್ಲಿ ಬ್ರೇಕು ಹಿಡಿದು ಬಲಗೈ ಚಾಚಿ ಬಾಗಿಲನ್ನು ತಳ್ಳಿದಳು. ಬಾಗಿಲು ಅಲುಗಲಿಲ್ಲ. ಬೀಗ ಹಾಕಿದೆಯೇನೋ ಎಂದು ನೋಡಿದರೆ ಬೀಗ ಬಾಯಿ ತೆರೆದುಕೊಂಡು ಚಿಲಕದಲ್ಲಿ ನೇತಾಡುತ್ತಿತ್ತು. ಮತ್ತೊಮ್ಮೆ ತಳ್ಳಿದಳು. ಒಳಗಿನಿಂದ ಅಗುಳಿ ಹಾಕಿತ್ತು.

ಅವಳಿಗೆ ಮೊದಲು ಆಶ್ಚರ್ಯವೇ ಆಯಿತು. ತಿಪಟೂರಿನಲ್ಲಿ ಖಾಸಗಿ ಬಸ್ಸುಗಳು ನಿಲ್ಲುವ ಕಡೆ ಈ ಶೌಚಾಲಯ ಕಟ್ಟಿ ಎರಡು ವರ್ಷವಾಗಿತ್ತು. ಒಂದು ಪಕ್ಕ ಗಂಡಸರಿಗೆ, ಇನ್ನೊಂದು ಪಕ್ಕ ಹೆಂಗಸರಿಗೆ, ನಡುವೆ ಅಂಗವಿಕಲರಿಗೆಂದು ಈ ಮೂರನೆಯ ಬಾಗಿಲು. ತನ್ನನ್ನು ಬಿಟ್ಟು ಬೇರೊಬ್ಬರು ಇದರೊಳಗೆ ಹೋದದ್ದನ್ನು ಅವಳು ಹೆಚ್ಚು ಕಂಡಿರಲಿಲ್ಲ. ತನ್ನಂಥವರು ಯಾರೋ ಬಂದಿರಬೇಕು, ಯಾವ ಊರಿನವರೋ, ಹೊರಗೆ ಸೈಕಲ್ಲೂ ಇಲ್ಲವಲ್ಲ, ಹೇಗೆ ಬಂದರೋ ಎಂದು ಯೋಚಿಸುತ್ತಿರುವಾಗ ಬಾಗಿಲಿನ ಮೇಲಿನ ಕಿಂಡಿಯಿಂದ ಮಗುವಿನ ದನಿ ಕೇಳಿಸಿತು.

"ಅಪ್ಪ, ಇಲ್ಲಿ ಯಾಕೆ ಕಂಬಿ ಐತೆ?"

"ಹಿಡ್ಕಳಕೆ."

"ಯಾರು ಹಿಡ್ಕಳಕೆ?"

"ವಯಸ್ಸಾದೋರು ಇರ್ತಾರಲ್ಲ, ನಿಮ್ಮಜ್ಜಿ ಥರದೋರು."

"ಅಜ್ಜಿ ಏನೂ ಹಿಡ್ಕಳಲ್ಲ. ತೋಟದಾಗೆ ಗರಿ ಎಳೀತದೆ."

ಭಾನುವಿಗೆ ನಗು ಬಂತು. ಆದರೆ ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಅಂದು ಕೊಬ್ಬರಿ ಹರಾಜಿನ ದಿನ. ಎದುರುಗಡೆಯ ಏಕಾಂತಯ್ಯನವರ ಎಸ್‌ಟಿಡಿ, ಜೆರಾಕ್ಸ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಬೆಳಗಿನಿಂದ ದರ ಕೇಳುವವರು, ಫ್ಯಾಕ್ಸ್ ಕಳಿಸುವವರು ಒಬ್ಬರ ಮೇಲೊಬ್ಬರು ಬಂದು ಎದ್ದು ಬರಲು ಆಗಿರಲಿಲ್ಲ. ನಡುವೆ ಯಾರೋ ಪರಿಚಯದ ರೈತರು ಕೊಟ್ಟ ಎಳನೀರನ್ನು ಬೇರೆ ಕುಡಿದಿದ್ದಳು. ತಾನಿರುವ ಚಿಕ್ಕಮ್ಮನ ಮನೆಗೆ ಹೋಗೋಣವೆಂದರೆ ಅದು ರೈಲ್ವೆ ಗೇಟಿನ ಆಚೆ.

ಈ ಬಾಗಿಲು ಆಗುವ ಮೊದಲು ಅವಳು ಅಂಗಡಿಗೆ ಬರುವ ದಿನ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಮಧ್ಯಾಹ್ನದ ಬುತ್ತಿಯನ್ನು ಗಂಟಲಲ್ಲಿ ಒಣಗಿಸಿಕೊಂಡೇ ತಿನ್ನುತ್ತಿದ್ದಳು. ಒಮ್ಮೆ ಉರಿಮೂತ್ರವಾಗಿ ಜ್ವರ ಏರಿದಾಗ ಡಾಕ್ಟರು ಬೈದಿದ್ದರು. ಪೋಲಿಯೋ ಆದ ಕಾಲಿನಲ್ಲಿ ಕುಕ್ಕರಗಾಲಲ್ಲಿ ಕೂರುವುದು ಹೇಗೆ ಎಂದು ಮಾತ್ರ ಅವರು ಕೇಳಿರಲಿಲ್ಲ. ಕಟ್ಟಡ ಏಳುವಾಗ ಅವಳು ದಿನವೂ ಸೈಕಲ್ಲಲ್ಲಿ ಬಂದು ನಿಂತು ನೋಡುತ್ತಿದ್ದಳು. ಇಳಿಜಾರಿನ ಕೊನೆಯಲ್ಲಿ ಮೇಸ್ತ್ರಿ ಒಂದು ಮೆಟ್ಟಿಲು ಇಟ್ಟುಬಿಟ್ಟಾಗ ಅವನೊಂದಿಗೆ ಜಗಳ ಮಾಡಿ ಒಡೆಸಿದ್ದಳು. ಆಮೇಲೆ ಒಳಗೆ ಪೊರಕೆ, ಬಕೆಟ್ಟು, ಫಿನಾಯಿಲ್ ಡಬ್ಬಗಳನ್ನು ತುಂಬಿಟ್ಟಾಗ ಶೌಚಾಲಯ ನೋಡಿಕೊಳ್ಳುವ ಸಿದ್ದಕ್ಕನ ಜೊತೆ ಜಗಳ. ಆ ಜಗಳದಲ್ಲೇ ಇಬ್ಬರಿಗೂ ಸ್ನೇಹವಾಯಿತು. ಅಂದಿನಿಂದ ಸಿದ್ದಕ್ಕ ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಿರುತ್ತಿದ್ದಳು. ಇವತ್ತು ತೊಳೆದು, ನೆಲ ಒಣಗಲಿ ಎಂದು ಬಾಗಿಲು ತೆಗೆದಿಟ್ಟು ಚಹಾ ಕುಡಿಯಲು ಹೋಗಿದ್ದಳೇನೋ.

ಭಾನು ಬಾಗಿಲು ತಟ್ಟಿದಳು.

"ಒಂದ್ನಿಮಿಷ ಕಣ್ರೀ, ಮಗು ಐತೆ," ಎಂದಿತು ಗಂಡಸಿನ ದನಿ.

ಮೇಸ್ತ್ರಿಯ ಎದುರು, ಸಿದ್ದಕ್ಕನ ಎದುರು ಇಷ್ಟೆಲ್ಲ ಮಾತಾಡಿದವಳಿಗೆ, ಮುಖ ಕಾಣದ ಗಂಡಸೊಬ್ಬನಿಗೆ ತನ್ನ ಅವಸರವನ್ನು ಯಾವ ಮಾತಿನಲ್ಲಿ ಹೇಳಬೇಕೆಂದು ತಿಳಿಯಲಿಲ್ಲ. ಒಳಗೆ ಮಗು ಕಮೋಡಿನ ಮೇಲೆ ಕೂರಲು ಹೆದರುತ್ತಿತ್ತು. ಅದರೊಳಗೆ ಬಿದ್ದುಹೋದರೆ ಎಲ್ಲಿಗೆ ಹೋಗುತ್ತೀನಿ ಎಂದು ಕೇಳುತ್ತಿತ್ತು. ಎಲ್ಲಿಗೂ ಹೋಗುವುದಿಲ್ಲ, ನಾನು ಹಿಡಿದುಕೊಂಡಿದ್ದೀನಿ ಎಂದು ತಂದೆ ಸಮಾಧಾನ ಮಾಡುತ್ತಿದ್ದ.

"ನೀನು ಆ ಕಡೀಕ್ ತಿರುಗ್ಕೊ."

"ತಿರುಗ್ಕಂಡ್ರೆ ಹಿಡ್ಕಳದೆಂಗಮ್ಮ?"

"ಕಣ್ಣು ಮುಚ್ಕೊ ಮತ್ತೆ."

ಭಾನು ಎರಡನೆಯ ಸಲ ತಟ್ಟಿದಳು. ಬಂದೆವು, ಆಯ್ತು ಎಂದ ಅವನು. ಆಗಿರಲಿಲ್ಲ. ಅವಳು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದು, ಎದುರಿನ ಗೋಡೆಯ ಮೇಲಿನ ಟ್ಯೂಷನ್ ಪೋಸ್ಟರನ್ನು ಒಂದೊಂದೇ ಅಕ್ಷರವಾಗಿ ಓದತೊಡಗಿದಳು. ಬಸ್ಸೊಂದು ಹಿಂದೆ ಬಂದು ಹಾರನ್ ಹೊಡೆಯಿತು. ಬೆಚ್ಚಿದಳು. ತಡೆದದ್ದು ಅಲ್ಲಿಗೆ ಮುಗಿಯಿತು. ರೆಕ್ಸಿನ್ ಸೀಟಿನ ಮೇಲೆ ಬೆಚ್ಚಗಾಗಿ, ಆಮೇಲೆ ತಣ್ಣಗಾಗಿ, ಚೂಡಿದಾರದ ಅಂಚಿನಿಂದ ಇಳಿಜಾರಿಗೆ ತೊಟ್ಟಿಕ್ಕಿತು. ಅವಳು ಕೆಳಗೆ ನೋಡಲಿಲ್ಲ.

ಬಾಗಿಲು ತೆರೆಯಿತು. ಮೂವತ್ತು ದಾಟಿದ, ಹೆಗಲ ಮೇಲೆ ಟವೆಲಿನ ರೈತ. ಅವನ ಕೈ ಹಿಡಿದ ನಾಲ್ಕೈದು ವರ್ಷದ ಹುಡುಗಿ, ಒಂದು ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದಳು. ಅವನು ಮೊದಲು ಸೈಕಲ್ಲನ್ನು ನೋಡಿದ, ಆಮೇಲೆ ಅವಳ ಕಾಲಿನ ಕಬ್ಬಿಣದ ಪಟ್ಟಿಯನ್ನು, ಆಮೇಲೆ ನೆಲವನ್ನು. ಅವನ ಮುಖದ ಕಳೆ ಇಳಿದುಹೋಯಿತು.

ಅಷ್ಟರಲ್ಲಿ ಸಿದ್ದಕ್ಕ ಓಡಿ ಬಂದಳು. ಏನಾಗಿದೆಯೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಒಳಗಿನ ಬಕೆಟ್ಟನ್ನು ಎಳೆದು ಇಳಿಜಾರಿನ ಮೇಲೆ, ಸೈಕಲ್ಲಿನ ಚಕ್ರಗಳ ಮೇಲೆ, ಅವನ ಕಾಲಿನ ಮೇಲೂ ನೀರು ಸುರಿದಳು. ನೋಡುವವರಿಗೆ ಅವಳು ತೊಳೆಯುತ್ತಿರುವಂತೆ ಕಾಣಬೇಕು, ಹಾಗೆ. ಬಾಯಿ ಮಾತ್ರ ಬಿಡುವಿಲ್ಲದೆ ಅವನನ್ನು ಬೈಯುತ್ತಿತ್ತು. ಕಣ್ಣು ಕಾಣುವುದಿಲ್ಲವೇ, ಚಿತ್ರ ಬರೆದಿರುವುದು ಯಾತಕ್ಕೆ, ಕೈಕಾಲು ನೆಟ್ಟಗಿರುವವರಿಗೆ ಇಲ್ಲೇನು ಕೆಲಸ ಎಂದು. ಬಸ್ಸಿಗೆ ಕಾಯುತ್ತಿದ್ದವರು ಅವನ ಕಡೆ ತಿರುಗಿದರು. ಭಾನುವಿನ ಕಡೆ ಯಾರೂ ನೋಡಲಿಲ್ಲ.

ಅವಳು ಊರುಗೋಲು ತೆಗೆದುಕೊಂಡು ಒಳಗೆ ಹೋಗಿ ಅಗುಳಿ ಹಾಕಿದಳು. ಸಿದ್ದಕ್ಕ ತನ್ನದೊಂದು ಒಗೆದ ಸೀರೆಯನ್ನು ಬಾಗಿಲ ಸಂದಿಯಿಂದ ಕೊಟ್ಟಳು. ತೊಳೆದುಕೊಂಡು, ಗೋಡೆಯ ಕಂಬಿ ಹಿಡಿದು ಸೀರೆ ಸುತ್ತಿಕೊಳ್ಳುವಷ್ಟರಲ್ಲಿ ಅವಳಿಗೆ ಅಳು ಬಂತು. ಸಿಟ್ಟೂ ಇತ್ತು. ಎರಡು ವರ್ಷದಲ್ಲಿ ಇದು ಮೊದಲ ಸಲ, ಅದೂ ತಾನು ಒಡೆಸಿ ಕಟ್ಟಿಸಿದ ಇಳಿಜಾರಿನ ಮೇಲೆ. ಅಪ್ಪ ಮಗಳು ಹೋಗಿರುತ್ತಾರೆ ಎಂದುಕೊಂಡಿದ್ದಳು. ಹೋಗಿರಲಿಲ್ಲ.

"ದೊಡ್ಡೋರೂ ಮಾಡ್ಕಂತಾರಾ ಅಪ್ಪ?"

ಅವನು ದನಿ ತಗ್ಗಿಸಿದ.

"ನಾವು ಲೇಟ್ ಮಾಡುದ್ವಲ್ಲಮ್ಮ. ಅದ್ಕೇ."

ಭಾನು ಒಳಗಿನಿಂದ ಕೇಳಿಸಿಕೊಂಡಳು, ಅವಳ ಸಿಟ್ಟಿಗೆ ಹಿಡಿಯಲು ಏನೂ ಸಿಗಲಿಲ್ಲ. ಅವನು ಸುಳ್ಳು ಹೇಳಿದ್ದರೆ ಸುಲಭವಾಗುತ್ತಿತ್ತು.

ಹೊರಗೆ ಬಂದಾಗ ಅವನು ಇಳಿಜಾರಿನ ಬುಡದಲ್ಲಿ ನಿಂತಿದ್ದ. ಹೆಸರು ಕಾಂತೇಶ್, ಶೆಟ್ಟಿಕೆರೆ ಕಡೆಯವನು, ಮಗಳು ಮೋನಿಕಾ. ಸಿದ್ದಕ್ಕ ಅಷ್ಟರಲ್ಲಿ ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದಳು. ಮಗಳ ಕಿವಿ ಸೋರುತ್ತಿದೆ, ವಾರಕ್ಕೊಮ್ಮೆ ಡಾಕ್ಟರಿಗೆ ತೋರಿಸಬೇಕು, ಹೆಂಡತಿ ಆಶಾ ಹಸಿ ಬಾಣಂತಿಯಾದ್ದರಿಂದ ಅವನೇ ಕರೆತರಬೇಕು. ಅವರ ಬಸ್ಸು ಆಗಲೇ ಹೊರಟುಹೋಗಿತ್ತು.

ಗಂಡಸರ ಕಡೆ ಕರೆದುಕೊಂಡು ಹೋಗಿದ್ದನಂತೆ. ಸಾಲಾಗಿ ನಿಂತವರನ್ನು ನೋಡಿ ಮಗು ಅಳುತ್ತಾ ಹೊರಗೆ ಓಡಿತು. ಹೆಂಗಸರ ಬಾಗಿಲಲ್ಲಿ ನಿಂತು ಯಾರಾದರೂ ಸ್ವಲ್ಪ ಕರೆದುಕೊಂಡು ಹೋಗಿ ಎಂದರೆ, ಗಂಡಸು ಇಲ್ಲೇಕೆ ನಿಂತಿದ್ದಾನೆ ಎಂದು ಒಳಗಿನಿಂದ ಯಾರೋ ಗದರಿದರು. ನಡುವಿನ ಬಾಗಿಲು ತೆರೆದಿತ್ತು. ಅದರ ಮೇಲಿದ್ದ ಅಕ್ಷರಗಳನ್ನು ಯಾವುದೋ ಜಾಹೀರಾತು ಅರ್ಧ ಮುಚ್ಚಿತ್ತು. ಚಿತ್ರ ಮಾತ್ರ ಕಾಣುತ್ತಿತ್ತು.

"ಕುರ್ಚಿ ಚಿತ್ರ ಐತಲ್ಲ, ಕೂತ್ಕಳೋ ಕಮೋಡು ಅಂತ ತಿಳ್ಕಂಡೆ ಕಣಕ್ಕ," ಎಂದ ಕಾಂತೇಶ್. "ದೇವ್ರಾಣೆಗೂ ಗೊತ್ತಿರ್ಲಿಲ್ಲ."

ಭಾನು ಆ ಚಿತ್ರವನ್ನು ತಿರುಗಿ ನೋಡಿದಳು. ನೀಲಿ ಬಣ್ಣದ ಮೇಲೆ ಬಿಳಿ ಗೆರೆಯ ಮನುಷ್ಯ, ಒಂದು ಚಕ್ರ. ಎರಡು ವರ್ಷದಿಂದ ಅದನ್ನು ತನ್ನ ಚಿತ್ರವೆಂದೇ ನೋಡಿದ್ದಳು. ಅವನ ಕಣ್ಣಿನಿಂದ ನೋಡಿದರೆ ಅದು ಕುರ್ಚಿಯೇ.

ಸಿದ್ದಕ್ಕ ಬೀಗವನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಇನ್ನು ಮೇಲೆ ಚಹಾಕ್ಕೆ ಹೋಗುವಾಗಲೂ ಬೀಗ ಹಾಕುತ್ತೇನೆ, ಯಾರಿಗೂ ಕೊಡುವುದಿಲ್ಲ ಎಂದಳು. "ನೀನೊಂದು ಮಾತೇಳು ಭಾನವ್ವ. ನೀನೇಳ್ದಂಗೆ."

ಹಾಕು ಎನ್ನುವುದು ಭಾನುವಿನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದಕ್ಕಿಂತ ಮೊದಲು ಅವಳಿಗೆ ಒಂದು ವಿಷಯ ತಿಳಿದುಕೊಳ್ಳಬೇಕೆನಿಸಿತು. ಇಷ್ಟು ದಿನ ಅವಳನ್ನು ಕಂಡವರೇ ಕೇಳುತ್ತಿದ್ದರು, ಹೇಗೆ ಏಳುತ್ತೀಯ, ಹೇಗೆ ಕೂರುತ್ತೀಯ ಎಂದು. ಅವಳು ಯಾರನ್ನೂ ಹಾಗೆ ಕೇಳಿರಲಿಲ್ಲ.

"ಬೇರೆ ಊರಾಗೆ ಏನ್ಮಾಡ್ತೀರ?" ಎಂದಳು.

ಬಸ್ಸಿನ ಹಿಂದೆ, ಗೋಡೆಯ ಮರೆಗೆ ಕೂರಿಸುತ್ತಿದ್ದೆ ಎಂದ ಕಾಂತೇಶ್. ಅಂಗನವಾಡಿಗೆ ಹೋಗಲು ಶುರುಮಾಡಿದ ಮೇಲೆ ಮಗಳು ಬಯಲಲ್ಲಿ ಕೂರಲು ಒಪ್ಪುತ್ತಿಲ್ಲ. ಊರಿಗೆ ಹೋಗುವವರೆಗೂ ತಡೆದುಕೊಳ್ಳುತ್ತಾಳೆ. ಹೇಳುತ್ತಾ ಅವನು ಮಗಳ ತಲೆಯ ಮೇಲೆ ಕೈ ಇಟ್ಟ.

ಭಾನು ಮಗುವನ್ನು ಹತ್ತಿರ ಕರೆದಳು. "ನೀರು ಕುಡೀತೀಯೇನೇ?"

"ಬಸ್ಸತ್ತೋ ದಿನ ಕುಡಿಯಲ್ಲ," ಎಂದಳು ಮೋನಿಕಾ, ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ. "ಕುಡುದ್ರೆ ಬತ್ತದಲ್ಲ. ಇವತ್ತು ಡಾಕ್ಟ್ರು ನೀರಿಗೆ ಔಷಧಿ ಹಾಕಿ ಲೋಟ ಪೂರ್ತಿ ಕುಡುಸ್ಬುಟ್ರು."

ಸಿದ್ದಕ್ಕ ಭಾನುವಿನ ಮುಖ ನೋಡಿದಳು. ಭಾನು ಸೈಕಲ್ಲಿನ ಸೀಟನ್ನು ಒರೆಸಲು ತೊಡಗಿದಳು. ಒರೆಸಿ ಮುಗಿದ ಮೇಲೂ ಸ್ವಲ್ಪ ಹೊತ್ತು ಒರೆಸಿದಳು.

ಬೀಗ ಹಾಕಿದ್ದರೆ ಮಗು ಹೊರಗೆ ನಿಲ್ಲುತ್ತಿತ್ತು. ಹಾಕದಿದ್ದಕ್ಕೆ ತಾನು ಹೊರಗೆ ನಿಲ್ಲಬೇಕಾಯಿತು. ಬಾಗಿಲು ಇರುವುದು ಒಂದೇ. ತನಗೆ ಬೇರೆ ಬಾಗಿಲಿಲ್ಲ ಎಂಬುದು ನಿಜ. ಈ ಅಪ್ಪ ಮಗಳಿಗೂ ಇವತ್ತು ಇರಲಿಲ್ಲ. ನಾಳೆ ಮಗು ದೊಡ್ಡದಾದರೆ ಹೆಂಗಸರ ಕಡೆ ಒಬ್ಬಳೇ ಹೋಗುತ್ತದೆ, ತಾನು ಮಾತ್ರ ಇದೇ ಬಾಗಿಲಿಗೇ ಬರಬೇಕು. ಆದರೆ ಮಗುವಿಗೆ ಬಂದಿರುವುದು ಇವತ್ತು. ಎಷ್ಟು ತಿರುಗಿಸಿ ನೋಡಿದರೂ ಲೆಕ್ಕ ಒಂದು ಕಡೆ ನಿಲ್ಲಲಿಲ್ಲ.

"ಬೀಗ ಬ್ಯಾಡ ಬುಡು ಸಿದ್ದಕ್ಕ," ಎಂದಳು ಕೊನೆಗೆ. ಆಮೇಲೆ ಕಾಂತೇಶನಿಗೆ, "ಕರ್ಕಂಬನ್ನಿ. ಆದ್ರೆ ಹೋಗಕೆ ಮುಂಚೆ ಸುತ್ತ ಒಂದ್ಸಲ ನೋಡಿ, ನಮ್ಮಂಥೋರು ಯಾರಾದ್ರೂ ಬತ್ತಾವ್ರೇನೋ ಅಂತ. ಒಳಗಿದ್ದಾಗ ಬಾಗ್ಲು ತಟ್ಟುದ್ರೆ, ಯಾರು, ತಡ್ಕಂತೀರಾ ಅಂತ ಕೇಳಿ. ನಾವು ಬಾಯ್ಬುಟ್ಟು ಹೇಳಲ್ಲ."

ಕಾಂತೇಶ್ ಆಗಲಿ ಎಂದು ತಲೆಯಾಡಿಸಿದ. ಟವೆಲಿನಿಂದ ಮುಖ ಒರೆಸಿಕೊಂಡ. ಮೋನಿಕಾ ಅಷ್ಟು ಹೊತ್ತೂ ಸೈಕಲ್ಲಿನ ಕೈ ಪೆಡಲನ್ನೇ ನೋಡುತ್ತಿದ್ದಳು. ತಿರುಗಿಸಿದರೆ ಮುಂದೆ ಹೋಗುತ್ತದೆಯೋ ಹಿಂದೆಯೋ ಎಂದು ಕೇಳಿದಳು. ಭಾನು ತಿರುಗಿಸಿ ತೋರಿಸಿದಳು.

ಮುಂದಿನ ವಾರ ಮಳೆ ಬರುವ ಹಾಗಿದ್ದ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಜನ ತುಂಬಿದ್ದರು. ಕೊಬ್ಬರಿ ವ್ಯಾಪಾರಿಗಳಿಬ್ಬರು ಫೋನಿಗೆ ಕಾಯುತ್ತಿದ್ದರು. ಜೆರಾಕ್ಸಿಗೆ ಬಂದ ಕಾಲೇಜು ಹುಡುಗರು ಬಾಗಿಲಿಗೆ ಅಡ್ಡ ನಿಂತಿದ್ದರು. ಭಾನು ಕಂಪ್ಯೂಟರಿನಲ್ಲಿ ಮದುವೆಯ ಕರೆಯೋಲೆ ಟೈಪ್ ಮಾಡುತ್ತಿದ್ದಳು. ಹುಡುಗರ ಕಾಲುಗಳ ನಡುವಿನಿಂದ ನುಸುಳಿಕೊಂಡು ಮೋನಿಕಾ ಬಂದಳು. ಈ ಸಲ ಕಿವಿಯಲ್ಲಿ ಹತ್ತಿ ಇರಲಿಲ್ಲ. ಮೇಜಿನ ಅಂಚಿಗೆ ಗಲ್ಲ ಊರಿ, ಕಿವಿ ಮಂದವಿರುವವರು ಮಾತಾಡುವ ಗಟ್ಟಿ ದನಿಯಲ್ಲಿ ಕೇಳಿದಳು.

"ಅಕ್ಕ, ನಂಗೆ ಬಂದೈತೆ. ನಿಂಗೂ ಬಂದೈತಾ ಅಂತ ಕೇಳ್ಕಂಬಾ ಅಂದ್ರು ಅಪ್ಪ. ಬಂದಿದ್ರೆ ನೀನೇ ಮೊದ್ಲು ಹೋಗ್ಬೇಕಂತೆ."

ಹುಡುಗರು ಮಾತು ನಿಲ್ಲಿಸಿದರು. ಫೋನಿಗೆ ಕಾಯುತ್ತಿದ್ದ ವ್ಯಾಪಾರಿ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. ಏಕಾಂತಯ್ಯ ಗಲ್ಲಾದೊಳಗೆ ಏನನ್ನೋ ಹುಡುಕತೊಡಗಿದರು. ಭಾನುವಿನ ಕಿವಿಯ ಬುಡ ಬಿಸಿಯಾಯಿತು. ರಸ್ತೆಯ ಆಚೆ, ಇಳಿಜಾರಿನ ಬುಡದಲ್ಲಿ ಕಾಂತೇಶ್ ಬೇರೆಲ್ಲೋ ನೋಡುತ್ತಾ ನಿಂತಿದ್ದ. ಇನ್ನೊಂದು ಕ್ಷಣ ಬಿಟ್ಟರೆ ಮಗು ಮತ್ತೆ ಕೇಳುತ್ತದೆ.

ಭಾನು ತನ್ನೊಳಗೇ ಒಮ್ಮೆ ವಿಚಾರಿಸಿ ನೋಡಿದಳು.

"ಬಂದೈತೆ ಕಣೇ," ಎಂದಳು, ಮಗುವಿಗೆ ಕೇಳಿಸುವಷ್ಟೇ ಗಟ್ಟಿಯಾಗಿ. "ಆದ್ರೆ ತಡ್ಕಂತೀನಿ. ನೀನೋಗು."

ಮೋನಿಕಾ ಬಂದಷ್ಟೇ ಅವಸರದಿಂದ ಹೊರಟಳು. ಬಾಗಿಲಲ್ಲಿದ್ದ ಹುಡುಗರು ಎರಡು ಕಡೆಗೂ ಸರಿದು ದಾರಿ ಬಿಟ್ಟರು. ಭಾನು ಟೈಪ್ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿ, ಗೋಡೆಗೆ ಒರಗಿಸಿಟ್ಟಿದ್ದ ಊರುಗೋಲನ್ನು ಎಳೆದುಕೊಂಡು, ಅವಸರವಿಲ್ಲದೆ ಎದ್ದು ನಿಂತಳು. ಜನ ಸರಿದ ದಾರಿ ಇನ್ನೂ ಹಾಗೆಯೇ ತೆರೆದಿತ್ತು. ಅದರ ಕೊನೆಯಲ್ಲಿ ರಸ್ತೆ, ತೆಂಗಿನಕಾಯಿ ತುಂಬಿದ ಒಂದು ಟ್ರಾಕ್ಟರು ನಿಧಾನಕ್ಕೆ ಹಾದುಹೋಗುತ್ತಿತ್ತು.