ಬಾಲ ಕತ್ತರಿಸಿದ ಚೀಟಿ

ರವಿವಾರ ಮುಂಜಾನೆ ಗಿರಣಿಯಲ್ಲಿ ಜೋಳ ಬೀಸುತ್ತಿದ್ದಾಗ ಬಮ್ಮಿಗಟ್ಟಿಯಿಂದ ಪುಂಡಲೀಕನ ಫೋನ್ ಬಂತು. ಪುಂಡಲೀಕ ಅಂದರೆ ನನ್ನ ತಂಗಿ ನೀಲಕ್ಕನ ಗಂಡ.

"ನೀಲಾಗ ಕ್ಲೀನ್ ಚಿಟ್ ಕೊಟ್ಟೇವ್ರಿ ಕಾಶಣ್ಣಾರ" ಎಂದ. "ಅವ್ವನೂ ಒಪ್ಪ್ಯಾಳ. ನಿಮ್ಮ ಮಟಾ ಏನರ ಸುದ್ದಿ ಬಂದಿದ್ರ ಮನಸಿಗೆ ಹಚ್ಚಿಕೋಬ್ಯಾಡ್ರಿ."

ಆಮೇಲೂ ಅವನು ಏನೋ ಹೇಳುತ್ತಿದ್ದ. ನನ್ನ ಕಿವಿಯೊಳಗೆ ಮಾತು ಇಳಿಯಲಿಲ್ಲ. ಫೋನ್ ಕಟ್ ಮಾಡಿದೆ. ಹಿಟ್ಟು ಡಬ್ಬಿ ತುಂಬಿ ನೆಲಕ್ಕೆ ಸುರಿಯುತ್ತಿದ್ದರೂ ನಾನು ಕಂಬದ ಹಾಗೆ ನಿಂತಿದ್ದೆ.

ಇಂಗ್ಲಿಷ್ ನನಗೆ ಬರುವುದಿಲ್ಲ. ತಿರ್ಲಾಪುರದ ಸಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿ ಗಿರಣಿಗೆ ಬಂದವನು ನಾನು. ಆದರೆ ಚಿಟ್ ಅಂದರೆ ಏನೆಂದು ನನಗೆ ಪಕ್ಕಾ ಗೊತ್ತಿತ್ತು. ಅದನ್ನು ಹೇಳಿಕೊಟ್ಟವಳು ಪುಂಡಲೀಕನ ಅಕ್ಕ ಶಾಂಭವಿ. ಕಲಘಟಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಹೋದ ದೀಪಾವಳಿಗೆ ನಾನು ಬಮ್ಮಿಗಟ್ಟಿಗೆ ಹೋದಾಗ, ಊಟವಾದ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತು ಇಂಗ್ಲಿಷಿನ ಹೊಟ್ಟೆ ಬಗೆದು ತೋರಿಸಿದಳು. ನಾವು ಜೋಳ ತುಂಬುವ ಗೋಣಿಯೇ ಇಂಗ್ಲಿಷರ ಗನ್ನಿ ಅಂತೆ. ನಮ್ಮ ಜನ ಮಲಗುವ ಖಾಟು ಅವರ ಕಾಟ್ ಅಂತೆ. ತಲೆಗೆ ಹಚ್ಚುವ ಶಾಂಪೂ ಅಂದರೆ ಮೊದಲು ಸಾಬೂನೂ ಅಲ್ಲ, ನೀರೂ ಅಲ್ಲ. ಮೈ ಒತ್ತಿ ತಿಕ್ಕುವ ಚಂಪಿಯಿಂದ ಆ ಹೆಸರು ಬಂತಂತೆ. ನಮ್ಮ ಚೀಟಿಯನ್ನು ಒಯ್ದು, ಬಾಲ ಕತ್ತರಿಸಿ ಚಿಟ್ ಮಾಡಿಕೊಂಡರಂತೆ. ನನಗೆ ಬೆರಗು ಬಡಿದಿತ್ತು. ಯಾವ ಭಾಷೆ ಬರಲಿಲ್ಲವೆಂದು ಸಾಲೆಯಲ್ಲಿ ಅಂಗೈ ಊದುವ ಹಾಗೆ ಏಟು ತಿಂದಿದ್ದೆನೋ, ಅದರ ಚೀಲದಲ್ಲಿ ನಮ್ಮದೇ ಕಾಳು. ಊರಿಗೆ ಬಂದು ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಹೇಳಿದೆ. ನಂಬದವರ ಜೊತೆ ಜಗಳಾಡಿದೆ.

ಹಾಗಾಗಿ ಲೆಕ್ಕ ಸರಳವಿತ್ತು. ಚಿಟ್ ಅಂದರೆ ಚೀಟಿ. ಗಂಡನಾದವನು ಹೆಂಡತಿಗೆ ಕೊಡುವ ಚೀಟಿ ನಮ್ಮ ಕಡೆ ಒಂದೇ: ಸೋಡಚೀಟಿ. ನಿನ್ನನ್ನು ಬಿಟ್ಟೆ ಎಂದು ಬರೆದು ಕೈಗಿಡುವುದು. ಅದಕ್ಕೆ ಕ್ಲೀನ್ ಬೇರೆ. ಅಂದರೆ ಕಸ ಗುಡಿಸಿದ ಹಾಗೆ, ಅಗದಿ ಸ್ವಚ್ಛ. ಮಗ ಧಾರವಾಡದ ಹಾಸ್ಟೆಲ್ಲಿನಲ್ಲಿ ಓದುತ್ತಿರುವಾಗ, ಈ ವಯಸ್ಸಿನಲ್ಲಿ, ಅತ್ತೆಯೂ ಒಪ್ಪಿಗೆ ಕೊಟ್ಟು ನನ್ನ ತಂಗಿಯನ್ನು ಬಿಟ್ಟಿದ್ದರು. ಅದನ್ನು ಮಳೆ ಬಂತು ಎನ್ನುವ ಹಾಗೆ ನನಗೆ ಫೋನಿನಲ್ಲಿ ಹೇಳಿದ್ದರು.

ನೀಲಕ್ಕನಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಗಿರಣಿ ಬಂದ್ ಮಾಡಿ ಗೌಸನ ಮನೆಗೆ ಓಡಿದೆ. ಗೌಸ್ ನನ್ನ ಸಾಲೆಯ ಗೆಳೆಯ, ಓಮ್ನಿ ಓಡಿಸುತ್ತಾನೆ. ನನ್ನ ಮುಖ ನೋಡಿ ಅವನು ಕೇಳದೆಯೇ ಗಾಡಿ ತೆಗೆದ. ಹುಬ್ಬಳ್ಳಿ ದಾಟುವ ತನಕ ನಾನು ಪುಂಡಲೀಕನ ಏಳು ತಲೆಮಾರನ್ನು ಬೈದೆ. ಗೌಸ್ ಕೇಳಿ ಕೇಳಿ, ತಮ್ಮ ಉರ್ದುವಿನಲ್ಲಿ ಚಿಟ್ಠಿ ಅಂದರೆ ಬರೇ ಪತ್ರ, ಪತ್ರದಲ್ಲಿ ಒಳ್ಳೆಯದೂ ಇರಬಹುದಲ್ಲ ಎಂದ.

"ಗಂಡ ಹೆಂಡತಿ ಒಂದ ಮನಿಯಾಗ ಇದ್ದು ಪತ್ರ ಬರೀತಾರೇನಲೇ?" ಎಂದೆ.

"ನಮ್ಮ ಮುಮತಾಜ್ ನನ್ನ ಕೂಡ ಮಾತ ಬಿಟ್ಟಾಗ ಬರದಾಳಪಾ. ಉಪ್ಪು ತಗೊಂಡು ಬಾ ಅಂತ."

ನಾನು ನಗಲಿಲ್ಲ.

ಬಮ್ಮಿಗಟ್ಟಿಯ ಮನೆಯ ಅಂಗಳದಲ್ಲಿ ನೀಲಕ್ಕ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ಹಣೆಯಲ್ಲಿ ಕುಂಕುಮವಿತ್ತು, ಸೊಂಟದಲ್ಲಿ ಮನೆಯ ಕೀಲಿಗೊಂಚಲು ಇತ್ತು. ನನ್ನನ್ನು ಕಂಡು ಎದ್ದು ನಕ್ಕಳು. ಹೇಳದೆ ಕೇಳದೆ ಬಂದಿಯಲ್ಲ, ಫೋನ್ ಒಳಗಿತ್ತು, ಈಗ ನೋಡಿದೆ ಎಂದಳು. ಬಿಟ್ಟವರು ಬಿಟ್ಟಿದ್ದಾರೆ, ಬಿಡಿಸಿಕೊಂಡವಳಿಗೇ ಗೊತ್ತಿಲ್ಲ.

ಅಷ್ಟರಲ್ಲಿ ಪುಂಡಲೀಕ ಹೊರಗೆ ಬಂದ. ಅರ್ಧ ಗಡ್ಡ ಕೆರೆದಿದ್ದ, ಉಳಿದರ್ಧಕ್ಕೆ ನೊರೆ ಹಚ್ಚಿತ್ತು. ಹಿಂದೆಯೇ ಅವನ ತಾಯಿ ಸಾವಕ್ಕ, ರಜೆಗೆ ತವರಿಗೆ ಬಂದಿದ್ದ ಶಾಂಭವಿ. ನಾನು ನೆಟ್ಟಗೆ ಹೋಗಿ ಅವನ ಬನಿಯನ್ ಹಿಡಿದೆ. ನನ್ನ ತಂಗಿಗೆ ಚೀಟಿ ಕೊಡುವಷ್ಟು ಸೊಕ್ಕು ಬಂತೇ, ಪಂಚರನ್ನು ಕೇಳಿದೆಯಾ, ನನ್ನನ್ನು ಕೇಳಿದೆಯಾ, ಆಕೆ ಮಾಡಿದ ತಪ್ಪೇನು ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಬಾಜು ಮನೆಯವರು ಬಾಗಿಲಿಗೆ ಬಂದರು. ನೀಲಕ್ಕನ ಕೈಯಿಂದ ಮೊರ ಬಿದ್ದು ಅಕ್ಕಿ ಚೆಲ್ಲಿತು.

"ಯಾವ ಚೀಟಿ?" ಎಂದು ಪುಂಡಲೀಕ ಕಣ್ಣು ಬಿಟ್ಟ.

"ಕ್ಲೀನ್ ಚೀಟಿ. ನೀನ ಬಾಯಿಲೆ ಹೇಳಿದೆಲ್ಲ."

ಮೊದಲು ತಿಳಿದದ್ದು ಶಾಂಭವಿಗೆ. ಬಾಯಿಗೆ ಸೆರಗು ಒತ್ತಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ನಗುವಿನಲ್ಲಿ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಕಡೆಗೆ ಹೇಳಿದಳು: ಕ್ಲೀನ್ ಚಿಟ್ ಅಂದರೆ ಬಿಡುವುದಲ್ಲ, ಇವರದು ಏನೂ ತಪ್ಪಿಲ್ಲ ಎನ್ನುವುದು. ಪೇಪರಿನಲ್ಲಿ ದಿನಾ ಬರುತ್ತದೆ, ಮಂತ್ರಿಗಳಿಗೆ ಕೊಡುತ್ತಾರೆ. ಪುಂಡಲೀಕನೂ ನಕ್ಕ. ಗೌಸ್ ಗಾಡಿಗೆ ಒರಗಿ ನಕ್ಕ. ನಾನು ಬನಿಯನ್ ಬಿಟ್ಟೆ. ನನ್ನ ಕೈಗೆಲ್ಲ ಸಾಬೂನಿನ ನೊರೆ. ನಾಚಿಕೆಯೂ ಆಯಿತು, ಎದೆಯ ಮೇಲಿನ ಕಲ್ಲೂ ಇಳಿಯಿತು. ಬಾಗಿಲಲ್ಲಿ ನಿಂತವರು ಒಳಗೆ ಹೋದರು.

ನೀಲಕ್ಕ ಮಾತ್ರ ನಗಲಿಲ್ಲ.

"ತಪ್ಪಿಲ್ಲ ಅಂದ್ರಲ್ಲ" ಎಂದಳು. "ಯಾವ ತಪ್ಪು?"

ಪುಂಡಲೀಕ ಗಡ್ಡದ ನೊರೆ ಒರೆಸಿಕೊಳ್ಳತೊಡಗಿದ. ಆಕೆ ಮತ್ತೆ ಕೇಳಿದಳು, ಅದೇ ದನಿಯಲ್ಲಿ. ಆಗ ಸಾವಕ್ಕ ಬಾಯಿ ತೆರೆದಳು. ಅವಳ ಬಂಗಾರದ ಬೋರಮಾಳ ಸರ ಕಾಣೆಯಾಗಿತ್ತು. ಮನೆಯಲ್ಲಿ ಇನ್ನಾರಿದ್ದಾರೆ ಎಂದು ಸೊಸೆಯ ಮೇಲೆ ಸಂಶಯ ಬಂತು. ನೀಲಕ್ಕ ಕಳೆ ತೆಗೆಯಲು ಹೊಲಕ್ಕೆ ಹೋದಾಗ ಅವಳ ಟ್ರಂಕು ತೆಗೆದು, ಸೀರೆಯ ಮಡಿಕೆ ಮಡಿಕೆ ಬಿಚ್ಚಿ ನೋಡಿದರು. ತಾಯಿ ಮಗ ಇಬ್ಬರೂ. ನಂಟರಲ್ಲಿ ಇಬ್ಬರು ಮೂವರ ಕಿವಿಗೂ ಸಾವಕ್ಕ ಹಾಕಿದ್ದಳು. ನಿನ್ನೆ ಅಟ್ಟದ ಮೇಲೆ ಹಳೆಯ ಗೋಣಿಚೀಲ ಕೊಡವಿದಾಗ ಸರ ಬಿತ್ತು. ಸಾವಕ್ಕನೇ ಅರಿವೆಯಲ್ಲಿ ಸುತ್ತಿ ಅಲ್ಲಿಟ್ಟು ಮರೆತಿದ್ದಳು. ಸುದ್ದಿ ತಿರ್ಲಾಪುರ ಮುಟ್ಟಿರಬಹುದೆಂದು ಹೆದರಿ ಪುಂಡಲೀಕ ನನಗೆ ಫೋನ್ ಮಾಡಿದ್ದ. ನೀಲಕ್ಕನಿಗೆ ಇದ್ಯಾವುದನ್ನೂ ಹೇಳಿರಲಿಲ್ಲ.

ಸೋಡಚೀಟಿ ಎಂದು ತಿಳಿದಾಗಲೂ ನನಗೆ ಇಷ್ಟು ಹೊಡೆತ ಬಿದ್ದಿರಲಿಲ್ಲ. ಬಿಡುವುದೆಂದರೆ ಮುಖದ ಮೇಲೆ ಬಿಡುತ್ತಾರೆ. ಇದು ಬೆನ್ನ ಹಿಂದೆ ಕಳ್ಳಿ ಮಾಡಿ, ಬೆನ್ನ ಹಿಂದೆಯೇ ಮಾಫಿ ಮಾಡಿದ್ದು.

ನೀಲಕ್ಕ ಸೊಂಟದ ಕೀಲಿಗೊಂಚಲನ್ನು ಮುಟ್ಟಿ ನೋಡಿಕೊಂಡಳು. ಬಂಗಾರದ ಪೆಟ್ಟಿಗೆಯ ಕೀಲಿಯೂ ಅದರಲ್ಲೇ ಇತ್ತು. ಆಮೇಲೆ ಶಾಂಭವಿಯ ಕಡೆ ತಿರುಗಿದಳು.

"ಅಕ್ಕಾರ, ನೀವು ಎಲ್ಲಾ ಮಾತಿನ ಬೇರು ಬಲ್ಲವರು. ಆ ಇಂಗ್ಲಿಷರು ನಮ್ಮ ಚೀಟಿ ಒಯ್ದು ಯಾರಿಗೆ ಕೊಡತಿದ್ರು?"

ಶಾಂಭವಿ ತಪ್ಪಿಸಿಕೊಳ್ಳಲು ನೋಡಿದಳು. ಬ್ಯಾಡ ಬಿಡು ನೀಲಾ, ಒಳಗೆ ನಡಿ, ಚಹಾ ಕುಡಿಯೋಣ ಎಂದಳು. ನೀಲಕ್ಕ ಅಲುಗಲಿಲ್ಲ. ಸುಳ್ಳು ಹೇಳಲು ಶಾಂಭವಿಗೆ ಬರುವುದಿಲ್ಲ. ಮೊದಲು ಪತ್ರಕ್ಕೆಲ್ಲ ಹಾಗೆ ಅನ್ನುತ್ತಿದ್ದರು ಎಂದು ಅಲ್ಲಿಗೇ ನಿಲ್ಲಿಸಲು ನೋಡಿದಳು. ಆಮೇಲೆ ನೆಲ ನೋಡುತ್ತ ಉಳಿದದ್ದನ್ನೂ ಹೇಳಿದಳು. "ಸಾಹೇಬರು ತಮ್ಮ ಆಳುಗಳಿಗೂ ಕೊಡತಿದ್ರು. ಅಡಿಗಿಯವರಿಗೆ, ಆಯಾಗಳಿಗೆ. ಕೆಲಸ ಬಿಟ್ಟು ಹೋಗೂವಾಗ. ಈ ಆಳು ನಂಬಿಗಸ್ತ ಅಂತ ಬರದು."

ಸಾವಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ನೀಲಕ್ಕ ಒಳಗೆ ಹೋಗಿ ಟ್ರಂಕನ್ನು ತಾನೇ ಎತ್ತಿ ತಂದು ಅಂಗಳದಲ್ಲಿಟ್ಟು ಮುಚ್ಚಳ ತೆರೆದಳು. ಸೀರೆಗಳನ್ನು ಒಂದೊಂದಾಗಿ ಕೊಡವಿ, ಮಡಚಿ, ಮತ್ತೆ ಇಟ್ಟಳು. ಏನೂ ಬೀಳಲಿಲ್ಲ. ಕೀಲಿಗೊಂಚಲು ಬಿಚ್ಚಿ, ಚೆಲ್ಲಿದ ಅಕ್ಕಿಯ ಪಕ್ಕದಲ್ಲಿ ಮೊರದೊಳಗೆ ಇಟ್ಟಳು.

ತಂಗಿಯನ್ನು ಬಿಟ್ಟರೆಂದು ಬೆಂಕಿಯಾಗಿ ಬಂದ ನಾನೇ ಈಗ ಅವಳ ಹಿಂದೆ ಹಿಂದೆ ಸುತ್ತಿದೆ. ತಪ್ಪಾಗಿದೆ, ಮುದುಕಿ ಮರೆತಿದ್ದಾಳೆ, ಮಗನ ಮುಖ ನೋಡು, ಸಿಟ್ಟು ನುಂಗು ಎಂದೆ. ಸಿಟ್ಟು ನುಂಗುವ ಮಾತು ನನ್ನ ಬಾಯಿಂದ ಬಂದದ್ದನ್ನು ಕೇಳಿ ಗೌಸ್ ಕೂಡ ತಿರುಗಿ ನೋಡಿದ.

"ಕರಕೊಂಡು ಹೋಗಾಕ ಬಂದಿಯಲ್ಲ ಅಣ್ಣಾ" ಎಂದಳು. "ಈಗ ಯಾಕ ಅಂಜತಿ?"

ಟ್ರಂಕು ಒಳಗಿಟ್ಟು ನೀಲಕ್ಕ ಓಮ್ನಿ ಹತ್ತಿ ಕುಳಿತಳು. ಪುಂಡಲೀಕ ಕಿಟಕಿಗೆ ಬಂದು ನಿಂತ. ಅರ್ಧ ಗಡ್ಡ ಹಾಗೆಯೇ ಉಳಿದಿತ್ತು. ತಪ್ಪಾಯಿತು ಎಂದ. ಆ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ತಿರುಗಿ ಯಾವಾಗ ಬರುತ್ತೀ ಎಂದು ಕೇಳಿದ.

ನೀಲಕ್ಕ ಸೆರಗು ಸರಿಪಡಿಸಿಕೊಂಡು ಅವನ ಮುಖವನ್ನೇ ನೋಡಿದಳು.

"ಆಳು ಕೆಲಸ ಬಿಟ್ಟು ಹೋಗೂವಾಗ ಕೊಡೂ ಚೀಟಿ ಅಂತಲ್ರಿ ಅದು. ಕೊಟ್ಟೀರಿ. ಹೊಂಟೀನಿ."

ಗೌಸ್ ಗಾಡಿ ಚಾಲೂ ಮಾಡಿ ನನ್ನ ಮುಖ ನೋಡಿದ. ನಾನು ನನ್ನ ತಂಗಿಯ ಮುಖ ನೋಡಿದೆ. ಆಕೆ ಹಿಂದಿರುಗಿ ನೋಡದೆ, "ಗೌಸಣ್ಣ, ಹೋಗೂಣು ನಡಿ" ಎಂದಳು.