ಉಪವಾಸಕ್ಕೆ ಬಟನ್ ಇಲ್ಲ

ಆಫೀಸಿನಿಂದ ಮನೆಗೆ ಬಂದ ಕಾತ್ಯಾಯಿನಿ ಶೂ ಬಿಚ್ಚುವ ಮೊದಲೇ, ಜೊತೆಯಲ್ಲಿರುವ ಗೆಳತಿ ಸುರಯ್ಯಾ ತನ್ನ ಮೊಬೈಲನ್ನು ಅವಳ ಕೈಗಿಟ್ಟಳು.

"ಓದು. ನಿಮ್ಮ ಕಂಪನಿಯದ್ದೇ."

ಮಧ್ಯಾಹ್ನದ ಊಟದ ವಿವರ ಸರಿಯಾಗಿ ತುಂಬದ ಕಾರಣ ನಿಮ್ಮ ಮಾಹಿತಿ ನಂಬಲರ್ಹವಲ್ಲ, ನಿಮ್ಮನ್ನು ಸಕ್ಕರೆ ಕಾಯಿಲೆಯ ಅಧ್ಯಯನದಿಂದ ಕೈಬಿಡಲಾಗಿದೆ ಎಂದಿತ್ತು ಆ ಮೇಲ್. ಸಕ್ಕರೆ ಅಳೆಯಲು ತೋಳಿಗೆ ಅಂಟಿಸಿದ್ದ ಸೆನ್ಸರ್ ಹಿಂದಿರುಗಿಸಬೇಕಂತೆ.

ಐರ್ಲೆಂಡಿನ ಗಾಲ್ವೇಯಲ್ಲಿ ನಡೆಯುತ್ತಿದ್ದ ಈ ಅಧ್ಯಯನಕ್ಕೆ ಸುರಯ್ಯಾಳನ್ನು ಸೇರಿಸಿದ್ದೇ ಕಾತ್ಯಾಯಿನಿ. ಬಿಳಿಯರ ಮೈಯನ್ನಷ್ಟೇ ಅಳೆದು ಮಾಡಿದ ಆ್ಯಪ್ ನಮಗೆ ತಪ್ಪು ಹೇಳಬಹುದು, ನಮ್ಮವರೂ ಲೆಕ್ಕಕ್ಕೆ ಬರಬೇಕು ಎಂದು ಒಪ್ಪಿಸಿದ್ದಳು. ಇದೇ ಕಾಯಿಲೆಗೆ ತಾಯಿಯನ್ನು ಕಳೆದುಕೊಂಡಿದ್ದ ಸುರಯ್ಯಾ ಆ ಮಾತನ್ನು ನಂಬಿ, ಗೆಳತಿ ಲುಬ್ನಾಳನ್ನೂ ಸೇರಿಸಿದ್ದಳು.

"ಮಧ್ಯಾಹ್ನದ ಊಟ ಯಾಕೆ ತುಂಬಿಲ್ಲ?"

"ರಂಜಾನ್ ಅಲ್ವೇನೆ! ಊಟ ಮಾಡಿಲ್ಲ ಅಂದ್ರೆ ಕಾರಣ ಕೇಳುತ್ತೆ. ಮರೆತೆ, ಹಸಿವಿಲ್ಲ, ಹುಷಾರಿಲ್ಲ. ಅಷ್ಟೇ ಇರೋದು. ದಿನಾ 'ಮರೆತೆ' ಒತ್ತಿದೆ. ಲುಬ್ನಾ ನೋಡು, ನಿನಗೆ ಆಫೀಸಲ್ಲಿ ಬೈಗುಳ ಬೀಳಬಾರ್ದು ಅಂತ ತಿನ್ನದೇ ಇರೋ ಸ್ಯಾಂಡ್‌ವಿಚ್ ಬರೀತಿದ್ದಾಳೆ. ಅವಳದ್ದು ನಂಬಲರ್ಹ!"

ಆ ಕಾರಣಗಳನ್ನು ಆ್ಯಪಿಗೆ ಹಾಕಿದ್ದು ಕಾತ್ಯಾಯಿನಿಯ ತಂಡವೇ.

"ನೀನು ಸಂಕಷ್ಟಿ ಮಾಡ್ತೀಯಲ್ಲ, ಚಂದ್ರ ಕಾಣೋವರೆಗೂ ಊಟ ಇಲ್ಲ. ಟೆಸ್ಟಿಂಗ್‌ನಲ್ಲಿ ನೀನೂ ಸೆನ್ಸರ್ ಹಾಕ್ಕೊಂಡಿದ್ದೆ. ಆವತ್ತು ಏನೊತ್ತಿದೆ?"

"ಹಸಿವಿಲ್ಲ ಅಂತ."

"ಹಸಿವಿರ್ಲಿಲ್ವಾ?"

"ಹೊಟ್ಟೆ ಚುರುಗುಟ್ತಿತ್ತು ಕಣೇ."

ಇಬ್ಬರಿಗೂ ನಗು ಬಂತು. ಸುರಯ್ಯಾಳ ನಗು ಬೇಗ ನಿಂತಿತು.

"ಒಂದೋ ಉಪವಾಸಕ್ಕೆ ಬಟನ್ ಹಾಕಿ ನನ್ನನ್ನ ವಾಪಸ್ ತಗೊಳ್ಳಿ. ಇಲ್ಲಾ, ಇಷ್ಟು ದಿನ ನನ್ನ ಮೈಯಿಂದ ತಗೊಂಡಿದ್ದನ್ನೆಲ್ಲ ಅಳಿಸಿ. ನನ್ನ ರಕ್ತ ಬೇಕು, ನನ್ನ ಮಾತು ಬೇಡ ಅಂದ್ರೆ ನಡೆಯಲ್ಲ."

ಕಾತ್ಯಾಯಿನಿ ತಂಡದ ಮುಖ್ಯಸ್ಥೆ ಓನಾಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಉಪವಾಸಕ್ಕೊಂದು ಬಟನ್ ಬೇಕು ಎಂದಳು. ಮುಂದಿನ ವರ್ಷನ್‌ನಲ್ಲಿ ನೋಡೋಣ, ಸದ್ಯಕ್ಕೆ ಇರುವುದೇ ಗ್ರ್ಯಾಂಡ್ ಎಂದಳು ಓನಾ; ಪರವಾಗಿಲ್ಲ, ನಡೆಯುತ್ತೆ ಎನ್ನಲು ಇಲ್ಲಿಯವರು ಬಳಸುವ ಮಾತದು. ಬೇರೆ ದಿನವಾಗಿದ್ದರೆ ಕಾತ್ಯಾಯಿನಿಯೂ ಗ್ರ್ಯಾಂಡ್ ಎಂದು ಫೋನ್ ಇಡುತ್ತಿದ್ದಳು. ಕಂಪನಿಯೇ ಮಾಡಿಸಿಕೊಡಬೇಕಿದ್ದ ಅವಳ ವರ್ಕ್ ಪರ್ಮಿಟ್ ನವೀಕರಣ ಹತ್ತಿರದಲ್ಲಿತ್ತು.

"ಗ್ರ್ಯಾಂಡ್ ಅಲ್ಲ, ಓನಾ. ನಿಜ ಹೇಳಲು ದಾರಿ ಇಲ್ಲದವರನ್ನು ತೆಗೆದುಹಾಕಿ, ನಮಗೆ ಬೇಸರವಾಗದಿರಲಿ ಎಂದು ಸುಳ್ಳು ಬರೆದವರನ್ನು ಇಟ್ಟುಕೊಂಡಿದ್ದೇವೆ. ನಾನೂ ಸುಳ್ಳು ಒತ್ತಿದವಳೇ."

ಹಾಗಿದ್ದರೆ ಯಾರನ್ನೂ ತೆಗೆಯುವುದು ಬೇಡ, ಸೋಮವಾರದ ಮೀಟಿಂಗಿಗೆ ಸುರಯ್ಯಾ ಬರಬಹುದೇ ಎಂದು ಓನಾ ಕೇಳಿದಳು.

"ಬರ್ತೀನಿ ಅನ್ನು. ಅವರು ಟೀ ಕೊಟ್ರೆ ಕುಡಿಯಲ್ಲ, ಅದಕ್ಕೂ ಕಾರಣ ಕೇಳ್ಬಾರ್ದು ಅನ್ನು," ಎಂದಳು ಸುರಯ್ಯಾ.

ಕಿಟಕಿಯಾಚೆ ಹೊತ್ತು ಮುಳುಗಿ, ಮೊಬೈಲಿನಲ್ಲಿ ಆಜಾನ್ ಕೇಳಿಸಿತು. ಸುರಯ್ಯಾ ಖರ್ಜೂರದ ತಟ್ಟೆಯನ್ನು ಗೆಳತಿಯತ್ತ ಸರಿಸಿ, ತಾನೊಂದು ಬಾಯಿಗಿಟ್ಟಳು. ಅಧ್ಯಯನದಿಂದ ಕೈಬಿಟ್ಟಿದ್ದರೂ ಅವಳನ್ನು ಆ್ಯಪ್ ಮರೆತಿರಲಿಲ್ಲ. ಟಿಣ್ ಎಂದು, ಏನು ತಿಂದಿರಿ ಎಂದು ಕೇಳಿತು.

ಸುರಯ್ಯಾ ಮೊಬೈಲನ್ನು ಬೋರಲು ಹಾಕಿದಳು.

"ಸೋಮವಾರ ಹೇಳ್ತೀನಿ."